ಚಿತ್ರದಲ್ಲಿದ್ದ ಕೈ

14 ನವೆಂಬರ್ 2007

ಇವತ್ತು ಹನ್ನೊಂದು ಮನೆಗೆ ಹೋದೆ. ಲಿಂಗಪ್ಪನವರ ಮನೆಗೆ ಹೋಗಲಿಲ್ಲ. ಅವರ ಅಂಗಳದ ದಾರಿಗೆ ಅಡ್ಡ ಹಾಕಿದ ಉಣಗೋಲಿನವರೆಗೂ ಹೋಗಿ, ಚೀಲ ಭಾರವಾಯಿತು ಎಂದು ನನಗೆ ನಾನೇ ಹೇಳಿಕೊಂಡು ತಿರುಗಿದೆ. ಚೀಲದಲ್ಲಿ ಇದ್ದದ್ದು ಒಂದು ರಿಜಿಸ್ಟರು, ನಾಲ್ಕು ಪಟ್ಟಿ ಮಾತ್ರೆ.

ಅವರ ಮಗಳು ತೀರಿಕೊಂಡು ಇವತ್ತಿಗೆ ಮೂರು ದಿನ. ಇಪ್ಪತ್ತಾರು ವರ್ಷ. ಕಿಗ್ಗದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ದೀಪಾವಳಿಗೆ ಮೊದಲು ಗುಡ್ಡಕ್ಕೆ ಕರಡದ ಹುಲ್ಲು ಕೊಯ್ಯಲು ಹೋಗಿ ಬಂದ ಮೇಲೆ ಜ್ವರ ಹಿಡಿಯಿತು. ಮೊದಲು ನೋಡಿದವಳು ನಾನು, ಅವರ ಮನೆಯಲ್ಲೇ, ಐದನೇ ತಾರೀಕು. ಜ್ವರದ ಮಾತ್ರೆ ಕೊಟ್ಟೆ. ಮೂರು ದಿನವಾದರೂ ಇಳಿಯದಿದ್ದಾಗ ಆಸ್ಪತ್ರೆಗೆ ಕರೆಸಿದೆ. ನಮ್ಮ ಡಾಕ್ಟರ್ ಅರ್ಪಣಾ ಮೇಡಂ ನೋಡಿದರು. ಮಲೇರಿಯಾ ಅಲ್ಲ, ಟೈಫಾಯಿಡ್ ಅಲ್ಲ. ಮಂಗನ ಕಾಯಿಲೆಯ ಕಾಲವೂ ಇನ್ನೂ ಶುರುವಾಗಿಲ್ಲ. ಹನ್ನೊಂದರ ಮಧ್ಯಾಹ್ನ ಉಸಿರು ಕಟ್ಟತೊಡಗಿತು. ದೊಡ್ಡ ಆಸ್ಪತ್ರೆಗೆಂದು ಜೀಪಿನಲ್ಲಿ ಹೊರಟವರು ಆಗುಂಬೆ ದಾಟಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಇಪ್ಪತ್ತೊಂದು ವರ್ಷದಿಂದ ಹಳ್ಳಿ ಹಳ್ಳಿ ಸುತ್ತುವ ಸಿಸ್ಟರ್ ಕೆಲಸ ನನ್ನದು. ಸಾವು ನೋಡದವಳಲ್ಲ. ಔಷಧಿ ಕಂಪನಿಯವರು ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು, ತೆಗೆದೆ. ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ ಎಂದು ಒಂದು ಕಡೆ ಬರೆದಿಡಬೇಕು ಅನ್ನಿಸಿತು.

ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ.

15 ನವೆಂಬರ್

ಗುರುವಾರ, ಚುಚ್ಚುಮದ್ದಿನ ದಿನ. ಫ್ರಿಜ್ ತೆಗೆದರೆ ಎದುರಿಗೇ ಆ ಹುಡುಗಿಯ ರಕ್ತದ ಟ್ಯೂಬು. ಬೇರ್ಪಡಿಸಿದ ರಕ್ತದ ನೀರು, ತೆಳು ಚಹದ ಬಣ್ಣ. ಸುತ್ತ ಅಂಟಿಸಿದ ಪ್ಲಾಸ್ಟರಿನ ಮೇಲೆ ಹೆಸರು, ವಯಸ್ಸು, ತಾರೀಕು. ನನ್ನದೇ ಅಕ್ಷರ.

“ಬಿಸಾಡ್ಲಾ ಮೇಡಂ?” ಎಂದು ಕೇಳಿದೆ.

“ಬೇಡ ಶಾಂತಕ್ಕ, ಇರ್ಲಿ.” ಮೇಡಂ ನನ್ನ ಮುಖ ನೋಡದೆ ಹೇಳಿದರು. ಅವರೂ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿದಂತಿಲ್ಲ. ಕಾಂಟ್ರಾಕ್ಟ್ ಮೇಲೆ ಬಂದು ಒಂದು ವರ್ಷ, ವಯಸ್ಸು ಆ ಹುಡುಗಿಗಿಂತ ಎರಡೋ ಮೂರೋ ಹೆಚ್ಚು.

ಟ್ಯೂಬನ್ನು ಹೆಸರು ಕಾಣದ ಹಾಗೆ ಗೋಡೆಯ ಕಡೆಗೆ ತಿರುಗಿಸಿಟ್ಟೆ. ಹನ್ನೆರಡು ಗಂಟೆಗೆ ಉಳಿದ ಲಸಿಕೆ ವಾಪಸ್ ಇಡಲು ಹೋದರೆ ಹೆಸರು ನನ್ನ ಕಡೆಗೇ ತಿರುಗಿತ್ತು. ಫ್ರಿಜ್ಜಿನ ಕೀಲಿ ಇರುವುದು ನನ್ನ ಸೊಂಟದಲ್ಲಿ ಮಾತ್ರ.

17 ನವೆಂಬರ್

ಏನು ಬರೆಯುವುದೋ ಗೊತ್ತಾಗುತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಮೇಡಂ ಬೆಳಿಗ್ಗೆ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಮೇಜಿನ ಮೇಲೆ ಎರಡು ಹಾಳೆ. ಆ ಹುಡುಗಿ ವಾರ್ಡಿನಲ್ಲಿ ಮಲಗಿದ್ದಾಗ, ಒಂಬತ್ತನೇ ತಾರೀಕು, ಅವರು ಕೊಪ್ಪಕ್ಕೆ ಹೋಗಿ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ನಮ್ಮ ಕಡೆಯ ಜ್ವರಗಳ ಬಗ್ಗೆ ಹುಡುಕಿದ್ದರಂತೆ. ಹೊರದೇಶದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಇತ್ತು. ತಲೆಬರಹ ಕಂಡಿತು. ಮೊದಲ ಎರಡು ಸಾಲು ಕಂಡಿತು. ಮುಂದಕ್ಕೆ ಬೇಕಾದರೆ ಕಾರ್ಡಿನ ನಂಬರ್ ಹಾಕಿ ಡಾಲರ್ ಕಟ್ಟಿ ಎಂದಿತು. ಮೇಡಂ ಹತ್ತಿರ ಅಂಥ ಕಾರ್ಡು ಇಲ್ಲ. ಬರೆದವರ ವಿಳಾಸ ಹುಡುಕಿ, ದಯವಿಟ್ಟು ಕಳಿಸಿ ಎಂದು ಇ-ಮೇಲ್ ಹಾಕಿ ಬಂದರು. ಬರೆದವರು ಆಗ ಮಗಳ ಮನೆಗೆ ಹೋಗಿದ್ದರಂತೆ. ಉತ್ತರ ಬಂದದ್ದು ಮೊನ್ನೆ.

“ನಮ್ಮದೇ ಜ್ವರ ಶಾಂತಕ್ಕ” ಅಂದರು ಮೇಡಂ. “ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಂತ ತಲೆಬರಹದಲ್ಲೇ ಇದೆ. ಎರಡು ವರ್ಷದ ಹಿಂದೇನೇ ಅಚ್ಚಾಗಿದೆ. ಹುಲ್ಲಿನಲ್ಲಿರೋ ನುಸಿ ಕಚ್ಚಿ ಬರೋ ಜ್ವರ. ಸ್ಕ್ರಬ್ ಟೈಫಸ್. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತೆ, ನೋವಿರಲ್ಲ. ನಮ್ಮ ಸ್ಟೋರಿನಲ್ಲಿ ಧೂಳು ತಿಂತಾ ಕೂತಿದೆಯಲ್ಲ ಡಾಕ್ಸಿಸೈಕ್ಲಿನ್, ಅದೇ ಮದ್ದು. ಎರಡು ದಿನಕ್ಕೆ ಜ್ವರ ಬಿಡುತ್ತಂತೆ.”

ಮತ್ತೆ ಕೇಳಿದರು: “ನಾನು ಮೈ ಪೂರ್ತಿ ನೋಡ್ಲಿಲ್ಲ. ನಿಮಗೆ ಅಂಥದ್ದೇನಾದ್ರೂ ಕಂಡಿತ್ತಾ?”

ನಾನು ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ. ಎರಡನೇ ಹಾಳೆಯಲ್ಲಿದ್ದ ಚಿತ್ರ ನೋಡುತ್ತಿದ್ದೆ. ಯಾರದೋ ಎತ್ತಿದ ತೋಳು, ಕಂಕುಳಲ್ಲಿ ಕಪ್ಪು ಹಕ್ಕಳೆ. ತೋಳನ್ನು ಎತ್ತಿ ಹಿಡಿದದ್ದು ಒಂದು ಹೆಂಗಸಿನ ಕೈ. ಹಸಿರು ಗಾಜಿನ ಬಳೆ, ಕಿರುಬೆರಳು ಒಳಗೆ ಡೊಂಕಿದೆ.

ಹತ್ತು ವರ್ಷದವಳಿದ್ದಾಗ ಅಡಿಕೆ ಸುಲಿಯುವ ಕತ್ತಿ ತಾಗಿ ನನ್ನ ಕಿರುಬೆರಳು ಡೊಂಕಾಯಿತು. ಚಿತ್ರದಲ್ಲಿದ್ದದ್ದು ನನ್ನ ಕೈ.

ಸೆರಗಿನೊಳಗೆ ಕೈ ಹಾಕಿಕೊಂಡು ಹೊರಗೆ ಬಂದೆ.

18 ನವೆಂಬರ್

2003ರಲ್ಲಿ ಮಂಗನ ಕಾಯಿಲೆಯ ಸರ್ವೆ ಎಂದು ಬೆಂಗಳೂರಿನಿಂದ ನಾಲ್ಕು ಜನ ಬಂದಿದ್ದರು. ತ್ರ್ಯಂಬಕ ರಾವ್ ಎನ್ನುವವರು ದೊಡ್ಡ ವಿಜ್ಞಾನಿ, ಆ ಲೇಖನ ಬರೆದವರೂ ಅವರೇ. ಈ ಭಾಗದ ಮನೆ ಮನೆ ತೋರಿಸಿದವಳು ನಾನು. ನೂರ ಹನ್ನೆರಡು ಜನರ ರಕ್ತ ತೆಗೆದವಳೂ ನಾನೇ. ಹೆದರಿದವರಿಗೆ, “ಎಂತ ಆಗಲ್ಲ, ರಿಪೋರ್ಟು ಮನೆಗೇ ಬರ್ತದೆ” ಎಂದು ಮಾತು ಕೊಟ್ಟವಳೂ ನಾನೇ. ಎರಡು ವರ್ಷ ಎಲ್ಲರೂ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಲಿಂಗಪ್ಪನ ಹೆಂಡತಿ ಜಲಜಮ್ಮ ಮಾತ್ರ ಪ್ರತಿ ಸಲ ಕೇಳುತ್ತಿದ್ದಳು, “ಎಂತಾಯ್ತೇ ಶಾಂತಕ್ಕ, ನನ್ನ ರಕ್ತ ಯಾವ ಊರಲ್ಲಿ ಕೂತೈತೆ?” ಎಂದು ನಗುತ್ತ.

ಸಿರಿಮನೆಯಲ್ಲಿ ಪರಮೇಶ್ವರ ಎನ್ನುವವನು ಜ್ವರದಲ್ಲಿ ಮಲಗಿದ್ದ. ತ್ರ್ಯಂಬಕ ಸಾರ್ ಅವನ ಅಂಗಿ ಬಿಚ್ಚಿಸಿ ನೋಡಿ, “ಸಿಸ್ಟರ್, ಸ್ವಲ್ಪ ತೋಳು ಎತ್ತಿ ಹಿಡ್ಕೊಳ್ಳಿ” ಅಂದರು. ಹಿಡಿದೆ. ಫೋಟೋ ತೆಗೆದರು. “ಬಹಳ ಒಳ್ಳೆ ಕೇಸು” ಅಂದರು. ತಮ್ಮ ಚೀಲದಿಂದಲೇ ಮಾತ್ರೆ ಕೊಟ್ಟರು. ಮೂರನೇ ದಿನ ಪರಮೇಶ್ವರ ಎದ್ದು ಕೆಲಸಕ್ಕೆ ಹೋದ.

ಅದೇನು ಸಾರ್ ಎಂದು ನಾನು ಕೇಳಲಿಲ್ಲ. ನಮ್ಮಂಥವರು ಕೇಳುವ ರೂಢಿ ಇರಲಿಲ್ಲ.

24 ನವೆಂಬರ್

ಕೈ ತೊಳೆಯುವುದು ಜಾಸ್ತಿಯಾಗಿದೆ. ಬೆರಳ ಸಂದಿ ಒಡೆದಿದೆ.

2 ಡಿಸೆಂಬರ್

ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ, ಎರಡು ಸೀಟು ಮುಂದೆ ಆ ಹುಡುಗಿ ಕೂತಿದ್ದಳು. ಅದೇ ಜಡೆ, ಕೊನೆಗೆ ಕೆಂಪು ರಬ್ಬರ್ ಬ್ಯಾಂಡ್, ಕುತ್ತಿಗೆಗೆ ಅಳತೆ ಟೇಪು. ಇಳಿದು ನೋಡಿದರೆ ಬೇರೆ ಯಾರೋ. ಟೇಪೂ ಇಲ್ಲ, ಎಂತದೂ ಇಲ್ಲ, ದುಪಟ್ಟಾ ಅಷ್ಟೆ. ಹಾಗೆಂದು ಗೊತ್ತಾದ ಮೇಲೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ.

ಧ್ವನಿಯೂ ಕೇಳಿಸುತ್ತದೆ. ನಲ್ಲಿಯ ನೀರು ಬಿಟ್ಟಾಗ, ಅನ್ನ ಬಸಿಯುವಾಗ. ಒಂದೇ ಮಾತು.

ಬರೆದೇ ಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ.

ಐದನೇ ತಾರೀಕು ಅವರ ಮನೆಯ ಒಳಕೋಣೆಯಲ್ಲಿ ಅವಳಿಗೆ ಜ್ವರ ನೋಡಿ ಏಳುತ್ತಿದ್ದೆ. ಅವಳು ನನ್ನ ಕೈ ಹಿಡಿದು, ಲಂಗದ ದಾರ ಸಡಿಲಿಸಿ, ಸೊಂಟದ ಎಡಗಡೆ ತೋರಿಸಿದಳು. “ಸಿಸ್ಟ್ರೇ, ಇದೆಂತ ಗಾಯ ನೋಡಿ, ನೋವೇ ಇಲ್ಲ.” ಕಡಲೆಕಾಳಿನಷ್ಟು ಕಪ್ಪು. ನಾನು ಬಗ್ಗಿಯೂ ನೋಡಲಿಲ್ಲ. “ಎಂತದೂ ಇಲ್ಲ ಮಾರಾಯ್ತಿ, ಲಂಗದ ದಾರ ಉಜ್ಜಿದ್ದು. ಸಡಿಲ ಕಟ್ಟು” ಎಂದೆ. ಇನ್ನೂ ಮೂರು ಮನೆ ಬಾಕಿ ಇತ್ತು.

ಅವಳು ಸಡಿಲ ಕಟ್ಟಿಕೊಂಡಳು. ನನ್ನ ಎದುರಿಗೇ.

9 ಡಿಸೆಂಬರ್, ಮುತ್ತಿನಕೊಪ್ಪ

ತಂಗಿಯ ಗಂಡ ಸೀತಾರಾಮನಿಗೆ ಜ್ವರ ಎಂದು ಫೋನು ಬಂತು. ನಿನ್ನೆ ಇಲ್ಲಿಗೆ ಬಂದೆ. ಐದು ದಿನದ ಜ್ವರ, ಕಣ್ಣು ಕೆಂಡದ ಹಾಗೆ. “ಅಂಗಿ ಬಿಚ್ಚಿ” ಅಂದೆ. ಬಿಚ್ಚಿದ. “ಪಂಚೆನೂ ಬಿಚ್ಚಿ.”

“ಅತ್ತಿಗೆ, ನಿಮಗೆಂತ ಹುಚ್ಚಾ?” ಎಂದು ತಂಗಿಯ ಮುಖ ನೋಡಿದ.

“ಬಿಚ್ಚು ಮಾರಾಯ, ನಾನು ನಿನ್ನ ಅತ್ತಿಗೆ ಅಲ್ಲ ಈಗ” ಎಂದು ಕೂಗಿದೆ. ಹಾಗೆ ಕೂಗಿದವಳಲ್ಲ ನಾನು, ತಂಗಿಯೂ ಹೆದರಿದಳು. ಹಕ್ಕಳೆ ತೊಡೆಸಂದಿಯಲ್ಲಿತ್ತು. ಅರ್ಪಣಾ ಮೇಡಂಗೆ ಫೋನು ಮಾಡಿದೆ. ಅವರು ನರಸಿಂಹರಾಜಪುರದ ಡಾಕ್ಟರೊಬ್ಬರಿಗೆ ಹೇಳಿದರು. ಹೋಗಿ ತೋರಿಸಿ ಮಾತ್ರೆ ಶುರು ಮಾಡಿಸಿದೆ.

11 ಡಿಸೆಂಬರ್

ಸೀತಾರಾಮ ಬೆಳಿಗ್ಗೆ ಎದ್ದು ಗಂಜಿ ಬೇಡ, ದೋಸೆ ಹುಯ್ಯಿ ಎಂದ. ಜ್ವರ ಬಿಟ್ಟಿದೆ. ತಂಗಿ ನನ್ನ ಕಾಲಿಗೆ ಬಿದ್ದಳು. ನಾನು ಹಿತ್ತಿಲಿಗೆ ಹೋಗಿ ಕೈ ತೊಳೆದೆ, ಮತ್ತೆ ತೊಳೆದೆ.

ಎರಡೇ ದಿನ. ಐದನೇ ತಾರೀಕಿಗೆ ಕೊಟ್ಟಿದ್ದರೆ ಏಳಕ್ಕೆ ಬಿಡುತ್ತಿತ್ತು. ದೀಪಾವಳಿಗೆ ಅವಳೇ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳುತ್ತಿದ್ದಳು.

20 ಡಿಸೆಂಬರ್

ಇವತ್ತು ಮೇಡಂಗೆ ಹೇಳಿದೆ. ಕೈಯನ್ನು ಮೇಜಿನ ಮೇಲೆ, ಚಿತ್ರದ ಪಕ್ಕದಲ್ಲಿ ಇಟ್ಟೆ. ಮೇಡಂ ಚಿತ್ರ ನೋಡಿದರು, ನನ್ನ ಕಿರುಬೆರಳು ನೋಡಿದರು. ಲಂಗದ ದಾರದ ಮಾತನ್ನೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಕಿಟಕಿ ಹತ್ತಿರ ನಿಂತರು. ಆಮೇಲೆ, “ನಿಮ್ಮ ಕೈ ಇರೋ ಕಾಗದ ನಿಮಗೇ ಸಿಗ್ಲಿಲ್ಲ ಶಾಂತಕ್ಕ. ಆ ಹಕ್ಕಳೆನ ನಾಕು ವರ್ಷದ ಹಿಂದೆ ಯಾರಾದ್ರೂ ನಿಮಗೆ ತೋರಿಸಿ, ಹಿಂಗಿದ್ರೆ ಈ ಮಾತ್ರೆ ಅಂದಿದ್ರೆ ಸಾಕಿತ್ತು. ತಪ್ಪು ನಿಮ್ಮದಲ್ಲ” ಎಂದರು.

“ಕಾಗದ ಸಿಕ್ಕಿಲ್ಲ ಅನ್ನೋದು ನಿಜ ಮೇಡಂ. ಆದ್ರೆ ಅವಳು ನೋಡಿ ಅಂದಿದ್ಲು. ನಾನು ನೋಡ್ಲಿಲ್ಲ. ಅದಕ್ಕೆ ಕಾಗದ ಬೇಕಿರ್ಲಿಲ್ಲ.”

ಮೇಡಂ ವಾಪಸ್ ಬಂದು ನನ್ನ ಎದುರಿಗೆ ಕೂತರು. ಹೊರಗೆ ಯಾರೋ ಮಗುವನ್ನು ರಮಿಸುತ್ತಿದ್ದರು.

5 ಜನವರಿ 2008

ಫ್ರಿಜ್ಜಿನಲ್ಲಿದ್ದ ಟ್ಯೂಬನ್ನು ಮೇಡಂ ಐಸಿನಲ್ಲಿಟ್ಟು ತ್ರ್ಯಂಬಕ ರಾವ್ ಅವರಿಗೆ ಕಳಿಸಿದ್ದರು. ಇವತ್ತು ಅವರು ಫೋನು ಮಾಡಿದರು. ಅದೇ ಜ್ವರ ಎಂದು ಪರೀಕ್ಷೆಯಲ್ಲಿ ಬಂದಿದೆ. ಆಮೇಲೆ, ನಮ್ಮ ಜೊತೆ ಊರೂರು ತಿರುಗಿದ ಸಿಸ್ಟರ್ ಇದ್ದಾರಾ ಎಂದು ಕೇಳಿದರಂತೆ. ಮೇಡಂ ರಿಸೀವರ್ ನನ್ನ ಕೈಗೆ ಕೊಟ್ಟರು.

“ಚೆನ್ನಾಗಿದೀರಾ ಶಾಂತಮ್ಮ? ನಾನೀಗ ರಿಟೈರ್ ಆಗಿದೀನಿ” ಎಂದರು. ಧ್ವನಿ ಮುದುಕರದಾಗಿದೆ. “ಡಾಕ್ಟರ್ ಎಲ್ಲ ಹೇಳಿದ್ರು. ನಾವು ಮೇಲಿನೋರಿಗೆ ಒಂದು ವರದಿ ಕೊಟ್ಟಿದ್ವಿ. ಅದು ಕೆಳಗೆ ನಿಮ್ಮ ತನಕ ಬಂದಿರುತ್ತೆ ಅಂದುಕೊಂಡಿದ್ದೆ.”

“ಬರ್ಲಿಲ್ಲ ಸಾರ್. ಆ ಪುಸ್ತಕದಲ್ಲಿ ಬಂದಿದ್ದನ್ನ ನಮ್ಮ ಆಸ್ಪತ್ರೆ ಗೋಡೆಗೆ ಅಂಟಿಸ್ಬಹುದಾ?”

“ಪತ್ರಿಕೆಯವರಿಗೆ ಹಕ್ಕು ಬರ್ಕೊಟ್ಟಿದೀನಿ ತಾಯಿ. ಲೆಕ್ಕಕ್ಕೆ ಅದು ಈಗ ನಂದಲ್ಲ.”

“ರಕ್ತ ಯಾರದು ಸಾರ್?”

ನಾನು ಹಾಗೆ ಕೇಳಿದೆನೇ? ಕೇಳಿದೆ. ಆಮೇಲೆ ಅವರು, “ಅಂಟಿಸಿ. ಯಾರು ಕೇಳ್ತಾರೋ ನನ್ನ ಕೇಳ್ಲಿ” ಎಂದರು. ಫೋನ್ ಇಡುವ ಮೊದಲು ಹೇಳಿದರು: “ಆ ಊರುಗಳಲ್ಲಿ ಹದಿನೇಳು ಜನರ ರಕ್ತದಲ್ಲಿ ಅದರ ಗುರುತಿತ್ತು. ಅವರಿಗೆಲ್ಲ ಒಂದು ಕಾಗದ ಹಾಕ್ಬೇಕಿತ್ತು. ಹಾಕ್ಲಿಲ್ಲ.”

ಎರಡು ದಿನದ ನಂತರ ಹದಿನೇಳು ನಂಬರ್ ಬರೆದ ಒಂದು ಕಾರ್ಡು ಕಳಿಸುತ್ತೇನೆ ಎಂದಿದ್ದಾರೆ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ನಂಬರಿಗೆ ಹೆಸರು ಇದೆ.

14 ಜನವರಿ

ಕಾರ್ಡು ಬಂದು ಐದು ದಿನವಾಯಿತು. ಹನ್ನೆರಡನೇ ನಂಬರು ಪರಮೇಶ್ವರ. ನಲವತ್ತೊಂದನೆಯದು ಜಲಜಮ್ಮ. ತಾಯಿಗೂ ಯಾವಾಗಲೋ ಇದೇ ಜ್ವರ ಬಂದು, ಹೇಗೋ ಹೋಗಿದೆ.

ಉಳಿದವರ ಮನೆಗೆ ಈ ಐದು ದಿನದಲ್ಲಿ ಹೋಗಿ ಹೇಳಿ ಬಂದೆ. ಇಬ್ಬರು ತೀರಿಕೊಂಡಿದ್ದಾರೆ, ಬೇರೆ ಕಾರಣಕ್ಕೆ. ಒಬ್ಬಳು ಅಜ್ಜಿ, “ನಾಕು ವರ್ಷ ಬೇಕಾಯ್ತಾ ಮಾರಾಯ್ತಿ ಬೆಂಗ್ಳೂರಿಂದ ನಡ್ಕಂಡು ಬರಕ್ಕೆ?” ಎಂದು ಕೇಳಿ, ಕಾಫಿ ಕೊಟ್ಟಳು. ಎಲ್ಲರ ಮನೆಗೂ ಹೋದೆ. ನಲವತ್ತೊಂದನೇ ನಂಬರಿನ ಮನೆ ಬಿಟ್ಟು.

26 ಫೆಬ್ರವರಿ

ಮೇಡಂ ಲೇಖನ ಬರೆದು ಮುಗಿಸಿದ್ದಾರೆ. ನವೆಂಬರ್‌ನಿಂದ ಕಂಡ ಐದು ರೋಗಿಗಳು. ನಾಲ್ವರು ಬದುಕಿದರು. ದುಡ್ಡು ಕೇಳದೆ ಎಲ್ಲರಿಗೂ ತೆರೆದಿಟ್ಟ ಪತ್ರಿಕೆಗಳು ಈಗ ಇವೆಯಂತೆ. ಓದಬಹುದು, ನಕಲು ಮಾಡಬಹುದು, ಕನ್ನಡಕ್ಕೆ ಮಾಡಿ ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಅಂಥದ್ದಕ್ಕೇ ಕಳಿಸುತ್ತಾರೆ.

“ಲಂಗದ ದಾರದ್ದು ಬರೀರಿ” ಎಂದೆ.

“ಬೇಕಾ ಶಾಂತಕ್ಕ? ಮೇಲಿನೋರು ಓದಿದ್ರೆ ನಿಮ್ಮ ಕೆಲಸಕ್ಕೆ ತೊಂದ್ರೆ ಆಗ್ಬಹುದು.”

“ಬರೀಲಿಲ್ಲ ಅಂದ್ರೆ ಇನ್ನೊಬ್ಳು ಸಿಸ್ಟರ್ ಇನ್ನೆಲ್ಲೋ ದಾರ ಸಡಿಲ ಮಾಡು ಅಂತಾಳೆ.”

ಬರೆದರು. ಆದರೆ ಒಂದು ತೊಡಕು. ತೀರಿಕೊಂಡವಳ ವಿಷಯ ಅಚ್ಚು ಹಾಕಬೇಕಾದರೆ ಮನೆಯವರು ಓದಿ, ಒಪ್ಪಿ, ಸಹಿ ಮಾಡಬೇಕು. ಹೆಸರು ಮಾತ್ರ ಹಾಕುವ ಹಾಗಿಲ್ಲ. ಅದು ನಿಯಮ.

“ನಾನು ಹೋಗ್ತೀನಿ” ಎಂದರು ಮೇಡಂ. ಬೇಡ ಎಂದೆ.

3 ಮಾರ್ಚ್

ಉಣಗೋಲಿನವರೆಗೆ ಹೋಗಿ ವಾಪಸ್ ಬಂದೆ.

6 ಮಾರ್ಚ್

ಹೋದೆ.

ಜಲಜಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಲಿಂಗಪ್ಪ ಗೋಡೆಗೆ ಒರಗಿ ಕೂತಿದ್ದರು. ಮನೆಯೊಳಗೆ ಹೊಲಿಗೆ ಯಂತ್ರಕ್ಕೆ ಸೀರೆ ಹೊದಿಸಿತ್ತು. “ಇಷ್ಟು ದಿನಕ್ಕೆ ದಾರಿ ಗೊತ್ತಾಯ್ತಾ ಶಾಂತಕ್ಕ?” ಎಂದಳು ಜಲಜಮ್ಮ. ಕೂರಲು ಮಣೆ ಕೊಟ್ಟಳು. ಮಣೆಯ ಮೇಲೆ ಕೂರದೆ ನೆಲದ ಮೇಲೆ ಕೂತೆ.

ಮೊದಲು ಅವಳ ರಕ್ತದ ವಿಷಯ ಹೇಳಿದೆ. ನಂತರ ಮಗಳ ಜ್ವರ ಇದೇ ಆಗಿತ್ತು ಎಂದು ಹೇಳಿದೆ. ಕಾಗದದ ವಿಷಯ ಹೇಳಿದೆ. “ಓದು” ಎಂದಳು. ಮೇಡಂ ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಓದತೊಡಗಿದೆ. ಎರಡನೇ ಪುಟದಲ್ಲಿ ಆ ಸಾಲು ಬಂತು. ‘ರೋಗಿಯು ಸೊಂಟದ ಮೇಲಿದ್ದ ಕಪ್ಪು ಕಲೆಯನ್ನು ಆರೋಗ್ಯ ಸಹಾಯಕಿಗೆ ತೋರಿಸಿದ್ದರು. ಲಂಗದ ದಾರ ಉಜ್ಜಿ ಆದ ಗಾಯವೆಂದು ಸಹಾಯಕಿ ಭಾವಿಸಿದರು.’

“ನಿಲ್ಸು” ಎಂದಳು. “ಆ ಸಹಾಯಕಿ ಯಾರು?”

“ನಾನು.”

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ಲಿಂಗಪ್ಪ ಎದ್ದು ಅಂಗಳಕ್ಕೆ ಇಳಿದರು, ಅಲ್ಲೇ ಬೆನ್ನು ಹಾಕಿ ನಿಂತರು.

“ನಿಂಗೆ ತೋರ್ಸಿದ್ಲಾ?” ಜಲಜಮ್ಮ ಕೇಳಿದಳು. “ನಂಗೆ ತೋರ್ಸ್ಲಿಲ್ಲ ಅಲ್ಲೇ. ಪಕ್ಕದಲ್ಲೇ ಮಲಗ್ತಿದ್ದೆ. ಹಣೆಗೆ ಬಟ್ಟೆ ಹಾಕಿದ್ದೆ. ಹೆತ್ತೋಳು ನಾನು, ನಂಗೆ ತೋರ್ಸ್ಲಿಲ್ಲ. ನಿಂಗೆ ಗೊತ್ತಿರ್ತದೆ ಅಂತ ನಿಂಗೆ ತೋರ್ಸಿದ್ಲು.”

ನಾನು ಹಾಳೆಯನ್ನು ಅವಳ ಮುಂದಿಟ್ಟೆ.

“ಇದನ್ನ ಯಾರು ಓದ್ತಾರೆ? ದುಡ್ಡು ಕಟ್ಟಿದೋರಾ?”

“ಇಲ್ಲ. ಯಾರು ಬೇಕಾದ್ರೂ. ಪುಕ್ಸಟೆ.”

“ಅವ್ಳ ಹೆಸ್ರಿಲ್ಲ ಇದ್ರಲ್ಲಿ. ‘ರೋಗಿ, ರೋಗಿ’ ಅಂತ ಬರೆದಿದೀರಿ.”

“ಹಾಕ್ಬಾರ್ದಂತೆ ಜಲಜಮ್ಮ.”

ಅವಳು ಪೆನ್ನು ಕೇಳಿದಳು. ಅಕ್ಕಿಯ ಧೂಳು ಹತ್ತಿದ ಬೆರಳಲ್ಲಿ ನಿಧಾನಕ್ಕೆ ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದಳು. ಕಾಗದ ನನ್ನ ಕಡೆ ತಳ್ಳಿದಳು.

“ಇನ್ನು ಈ ಜಗುಲಿ ಹತ್ಬೇಡ” ಎಂದಳು. ಕೂಗಲಿಲ್ಲ. ಬಯ್ಯಲಿಲ್ಲ. ಮತ್ತೆ ಅಕ್ಕಿ ಆರಿಸತೊಡಗಿದಳು.

ದಾರಿಯಲ್ಲಿ ಬರುವಾಗ ಆ ಹುಡುಗಿ, ರಮ್ಯ, ನನ್ನ ಹಿಂದೆಯೇ ಬರುತ್ತಿದ್ದಳು. ಒಣಗಿದ ಎಲೆ ತುಳಿಯುವ ಸದ್ದು ಸ್ಪಷ್ಟವಾಗಿತ್ತು. ತಿರುಗಿ ನೋಡಲಿಲ್ಲ. ಓಡಲೂ ಇಲ್ಲ.

12 ಆಗಸ್ಟ್

ಲೇಖನ ಬಂದಿದೆ. ಕೊಪ್ಪದ ಬ್ರೌಸಿಂಗ್ ಸೆಂಟರಿಗೆ ನಾನೊಬ್ಬಳೇ ಹೋದೆ. ಅದನ್ನು ನಡೆಸುವ ನಿಶ್ಚಿತಾ ಎನ್ನುವ ಹೆಂಗಸು ಚೀಟಿಯಲ್ಲಿದ್ದುದನ್ನು ನೋಡಿ ಟೈಪು ಮಾಡಿದಳು. ಪರದೆ ನಿಧಾನಕ್ಕೆ ಮೇಲಿನಿಂದ ಕೆಳಗೆ ಬಿಚ್ಚಿಕೊಂಡಿತು.

“ಕಾರ್ಡ್ ನಂಬರ್ ಕೇಳ್ತದಾ?” ಎಂದೆ.

“ಇಲ್ಲಕ್ಕ, ಪೂರ್ತಿ ಬಂತು ನೋಡಿ. ನಿಮ್ಮ ಹೆಸ್ರಲ್ವಾ ಇದು?”

ಮೇಡಂ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಇತ್ತು. ನನಗೆ ಹೇಳಿರಲಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದ ನಾನು ಇಂಗ್ಲಿಷ್ ಲೇಖನದ ಮೇಲೆ. ಸಂತೋಷ ಆಗಬೇಕಿತ್ತೋ ಏನೋ. ನನ್ನ ಹೆಸರಿದೆ, ಅವಳದ್ದಿಲ್ಲ. ನಿಶ್ಚಿತಾಳಿಗೆ ಇದನ್ನು ಹೇಗೆ ಹೇಳುವುದು? ಚಿತ್ರದಲ್ಲಿ ಸೀತಾರಾಮನ ಹಕ್ಕಳೆ ಇದೆ. ಯಾರ ಕೈಯೂ ಇಲ್ಲ.

ಮೇಡಂ ಮಾಡಿಕೊಟ್ಟ ಕನ್ನಡದ ಹಾಳೆಯನ್ನು ಅಲ್ಲೇ ಜೆರಾಕ್ಸ್ ಮಾಡಿಸಿದೆ. ಕಪ್ಪು ಹಕ್ಕಳೆಯ ಚಿತ್ರ, ಕೆಳಗೆ ದೊಡ್ಡಕ್ಷರದಲ್ಲಿ ‘ನೋವಿಲ್ಲದ ಗಾಯ, ಬಿಡದ ಜ್ವರ: ತಕ್ಷಣ ತೋರಿಸಿ’.

4 ಸೆಪ್ಟೆಂಬರ್

ಅಂಗನವಾಡಿ, ಸೊಸೈಟಿ, ಬಸ್ ನಿಲ್ಲುವ ಕಡೆ, ಹಾಲಿನ ಡೇರಿ. ಸಿರಿಮನೆ ಕಡೆಗೆ ಪರಮೇಶ್ವರ ತಾನೇ ಕೊಂಡುಹೋದ. ತನ್ನ ಕಂಕುಳು ಎತ್ತಿ ಹಳೆಯ ಗುರುತು ತೋರಿಸುತ್ತ ಭಾಷಣ ಮಾಡುತ್ತಾನಂತೆ. ಲಿಂಗಪ್ಪನವರ ಮನೆಗೆ ಒಂದು ಹಾಳೆ ಅಂಗನವಾಡಿಯವಳ ಕೈಯಲ್ಲಿ ಕಳಿಸಿದೆ. ಜಲಜಮ್ಮ ತೆಗೆದುಕೊಂಡಳಂತೆ.

ಮೇಡಂಗೆ ಒಡಿಶಾದ ಒಬ್ಬ ಡಾಕ್ಟರಿಂದ ಪತ್ರ ಬಂದಿದೆ. ಲೇಖನ ಓದಿದರಂತೆ, ಅವರ ಕಡೆಯೂ ಇಂಥ ಜ್ವರ ಇದೆಯಂತೆ, ನಿಮ್ಮ ಸಿಸ್ಟರ್ ಮೈ ಪರೀಕ್ಷೆ ಯಾವ ಕ್ರಮದಲ್ಲಿ ಮಾಡುತ್ತಾರೆ ಎಂದು ಕೇಳಿದ್ದಾರೆ. ಮೇಡಂ ನನ್ನನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡರು. ಕಿವಿ ಹಿಂದೆ, ಕಂಕುಳು, ಎದೆ ಕೆಳಗೆ, ಸೊಂಟ, ತೊಡೆಸಂದಿ, ಮೊಣಕಾಲ ಹಿಂದೆ. ಹೇಳುತ್ತ ಹೋದೆ. ಸೊಂಟ ಎಂದು ಎರಡು ಸಲ ಹೇಳಿದೆ.

20 ಅಕ್ಟೋಬರ್

ಇವತ್ತು ಮೂವತ್ತೆರಡು ಜನರನ್ನು ನೋಡಿದೆ. ಒಬ್ಬರಿಗೆ ಇತ್ತು. ತಡವಾಗಿ ಮನೆಗೆ ಬಂದು ಮೀನು ಸಾರು ಮಾಡಿ ಉಂಡೆ.

9 ನವೆಂಬರ್

ಮೇಡಂ ಮೀಟಿಂಗ್ ಎಂದು ಚಿಕ್ಕಮಗಳೂರಿಗೆ ಹೋಗಿದ್ದರು. ಹತ್ತು ಗಂಟೆಗೆ ಒಂದು ಜೀಪು ಬಂತು. ಮೊದಲು ಇಳಿದವಳು ಜಲಜಮ್ಮ. ಎಂಟು ತಿಂಗಳಿಂದ ಮುಖ ನೋಡಿರಲಿಲ್ಲ, ಕೂದಲು ಪೂರ್ತಿ ಬೆಳ್ಳಗಾಗಿದೆ. ಜೀಪಿನಿಂದ ತನ್ನ ನೆರೆಮನೆಯ ಸೊಸೆ ದೇವಕಿಯನ್ನು ತಬ್ಬಿ ಇಳಿಸಿದಳು. ನಾನು ಬಾಗಿಲಲ್ಲೇ ನಿಂತೆ.

“ಡಾಕ್ಟ್ರಮ್ಮ ಇಲ್ವಾ?”

“ಇಲ್ಲ.”

ಅವಳು ಒಂದು ಗಳಿಗೆ ಜೀಪಿನ ಕಡೆ ತಿರುಗಿದಳು. ಶೃಂಗೇರಿಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ದೇವಕಿಯ ಕಾಲು ನಿಲ್ಲುತ್ತಿರಲಿಲ್ಲ. ಜಲಜಮ್ಮ ಅವಳನ್ನು ನನ್ನ ಕಡೆಗೆ ನಡೆಸಿಕೊಂಡು ಬಂದಳು.

“ಮೂರು ದಿನದ ಜ್ವರ. ಎದೆ ಕೆಳಗೆ, ಬಲಗಡೆ. ನಾನೇ ನೋಡ್ದೆ. ಮಾತ್ರೆ ಕೊಡು.”

ಅವಳು ಹೇಳಿದಲ್ಲೇ ಇತ್ತು. ಆದರೂ ನಾನು ಕಿವಿ ಹಿಂದಿನಿಂದ ಮೊಣಕಾಲ ಹಿಂದಿನ ತನಕ ನೋಡಿದೆ. ಜಲಜಮ್ಮ ಪಕ್ಕದಲ್ಲಿ ನಿಂತು ನನ್ನ ಕೈ ಹೋದ ಕಡೆಗೆಲ್ಲ ನೋಡುತ್ತಿದ್ದಳು. ದೇವಕಿ ಬಸುರಿಯಲ್ಲ ಎಂದು ಕೇಳಿಕೊಂಡೆ, ಮೇಡಂಗೆ ಫೋನು ಮಾಡಿ ಹೇಳಿ, ಮೊದಲ ಮಾತ್ರೆ ನನ್ನ ಎದುರಿಗೇ ನುಂಗಿಸಿದೆ.

“ಬೇಗ ಕರ್ಕೊಂಡು ಬಂದ್ರಿ” ಎಂದೆ.

“ಸಿರಿಮನೆ ಫಾಲ್ಸ್ ತನಕ ಯಾವ ಮನೆ ಬಾಗ್ಲೂ ಬಿಟ್ಟಿಲ್ಲ ನಾನು. ಆ ಹಾಳೆ ಹಿಡ್ಕಂಡು ಹೋಗ್ತೀನಿ, ಹೆಂಗಸ್ರನ್ನ ಒಳಗೆ ಕರ್ದು ಮೈ ನೋಡ್ತೀನಿ. ಹೆಸ್ರು ಹಾಕ್ಬಾರ್ದು ಅಂತ ಇರೋದು ನಿಮ್ಮ ಪುಸ್ತಕಕ್ಕೆ. ನನ್ನ ಬಾಯಿಗಲ್ಲ.”

ಅಷ್ಟು ಹೇಳಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಕಾಫಿ ಕಳಿಸಿದೆ, ಮುಟ್ಟಲಿಲ್ಲ. ಆದರೆ ಸಂಜೆ ದೇವಕಿಯ ಗಂಡ ಬರುವ ತನಕ ಅಲ್ಲಿಂದ ಏಳಲೂ ಇಲ್ಲ.

ನಾನು ದೇವಕಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಅವಳು ಕಣ್ಣು ಬಿಟ್ಟು, ಹೆದರಿಕೊಂಡು ಕೇಳಿದಳು.

“ಸಿಸ್ಟ್ರೇ, ನಂಗೆ ರಮ್ಯನ ಜ್ವರ ಅಂತೆ. ಹೌದನ?”

ನಮ್ಮ ಕಡೆ ಎಲ್ಲರೂ ಈಗ ಹಾಗೇ ಕರೆಯುತ್ತಾರಂತೆ. ನನಗೆ ಗೊತ್ತಿರಲಿಲ್ಲ. ನನ್ನೆದುರು ಯಾರೂ ಅಂದಿರಲಿಲ್ಲ. ಇನ್ನು ಪ್ರತಿ ವರ್ಷ ಮಳೆ ಬಿಟ್ಟ ಮೇಲೆ, ಒಬ್ಬೊಬ್ಬರಾಗಿ ಬಂದು ಈ ಹೆಸರನ್ನು ನನ್ನ ಮುಂದೆಯೇ ಹೇಳುತ್ತಾರೆ. ನಾನು ನಿವೃತ್ತಳಾದ ಮೇಲೂ, ನಾನು ಹೋದ ಮೇಲೂ.

“ಹೌದು” ಎಂದೆ. “ರಮ್ಯನ ಜ್ವರವೇ.”

“ವಾಸಿ ಆಗ್ತದಾ?”

ಕಿಟಕಿಯಾಚೆ ಬೆಂಚಿನ ಮೇಲೆ ಕೂತಿದ್ದವಳು ತಲೆ ಎತ್ತಿ ಇತ್ತ ನೋಡಿದಳು.

“ಆಗ್ತದೆ” ಎಂದೆ, ಅವಳಿಗೂ ಕೇಳುವ ಹಾಗೆ.